ಕೆಂಪು ತುದಿ, ಬಿಳಿ ತುದಿ

ನಮ್ಮಪ್ಪನನ್ನು ಸ್ಟುಡಿಯೋದಲ್ಲಿ ಎಲ್ಲರೂ ಡಾಕ್ಟರು ಎಂದೇ ಕರೆಯುತ್ತಿದ್ದರು. ಓದಿದ್ದು ಹತ್ತನೇ ತರಗತಿ, ಅದೂ ಎರಡು ಸಲ ಕೂತು. ಮೊಣಕಾಲಿನವರೆಗೆ ಇಳಿಯುವ ಬಿಳಿ ಕೋಟು, ಜೇಬಿನಲ್ಲೊಂದು ಬ್ಲೇಡು, ಮಾತಾಡುವಾಗ ಎದುರಿಗಿದ್ದವರ ಮುಖ ಬಿಟ್ಟು ಗಂಟಲು ನೋಡುವ ಚಾಳಿ, ಆ ಹೆಸರಿಗೆ ಇಷ್ಟು ಸಾಕಾಯಿತು. ಒಮ್ಮೆ ನಮ್ಮ ಓಣಿಯ ಮುದುಕಿಯೊಬ್ಬಳು ಕೋಟು ಕಂಡು ಅವನನ್ನು ದಾರಿಯಲ್ಲೇ ತಡೆದು, ಮೂರು ದಿನದಿಂದ ಹೊಟ್ಟೆ ಕಟ್ಟಿದೆ, ಏನಾದರೂ ಕೊಡಿ ಎಂದಳಂತೆ. ಅಪ್ಪ ಗಂಭೀರವಾಗಿ ಬಿಸಿನೀರು ಕುಡಿಯಲು ಹೇಳಿ ಬಂದ. ಮಾರನೆಯ ದಿನ ಗುಣವಾಯಿತೆಂದು ಆಕೆ ಮನೆತನಕ ಬಂದು ಕೈಮುಗಿದಳು. ಅಪ್ಪನ ಕೈಗುಣದ ಬಗ್ಗೆ ನಮ್ಮ ಮನೆಯಲ್ಲಿ ನಗುತ್ತಾ ಹೇಳಿಕೊಳ್ಳಬಹುದಾದ ಕಥೆ ಇದೊಂದೇ.

ಅವನ ಕೆಲಸ ಟೇಪಿನದು. ಆಗೆಲ್ಲ ಹಾಡು, ಭಾಷಣ, ಸೋಪಿನ ಜಾಹೀರಾತು ಎಲ್ಲವೂ ಬೆರಳಗಲದ ಕಂದು ಟೇಪಿನ ಮೇಲೆಯೇ ಹತ್ತಬೇಕಿತ್ತು. ಹಾಡುವವರು ತಪ್ಪಿದರೆ ಆ ತಪ್ಪಿರುವಷ್ಟು ಟೇಪನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಅಂಟುಪಟ್ಟಿಯಿಂದ ಕೂಡಿಸುವುದು ಅವನ ವಿದ್ಯೆ. ಕೂಡಿಸಿದ ಜಾಗ ಯಾರ ಕಿವಿಗೂ ಸಿಗುತ್ತಿರಲಿಲ್ಲ. ಒಬ್ಬ ದೊಡ್ಡ ಮನುಷ್ಯರ ಭಾಷಣದಿಂದ ಹನ್ನೊಂದು ಕೆಮ್ಮು ತೆಗೆದಿದ್ದ. ಆ ಹನ್ನೊಂದನ್ನೂ ಸಾಲಾಗಿ ಅಂಟಿಸಿ ಬೇರೆ ಇಟ್ಟುಕೊಂಡು, ಬೇಕಾದವರು ಬಂದಾಗ ಕೇಳಿಸಿ ನಗಿಸುತ್ತಿದ್ದ. ಕಿವಿ ಅಷ್ಟು ಚುರುಕಿದ್ದರೂ ಅವನಿಗೆ ಒಂದು ಸಾಲು ಶ್ರುತಿಯಲ್ಲಿ ಹಾಡಲು ಬರುತ್ತಿರಲಿಲ್ಲ. ಬಚ್ಚಲಲ್ಲಿ ಗುನುಗಿದರೂ ಅಮ್ಮ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಳು.

ಅವನಿಗೊಂದು ಕಟ್ಟುನಿಟ್ಟಿತ್ತು, ಅದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ನಮ್ಮ ಮನೆ ಮುಗ್ಗರಿಸಿದ್ದು ಅದರ ಮೇಲೆಯೇ. ಪ್ರತಿ ಟೇಪಿನ ಆರಂಭಕ್ಕೆ ಬಿಳಿ ಪಟ್ಟಿ, ಕೊನೆಗೆ ಕೆಂಪು ಪಟ್ಟಿ ಅಂಟಿಸುತ್ತಿದ್ದ. ಜೋಪಾನ ಮಾಡಬೇಕಾದ ಟೇಪನ್ನು ಕೊನೆತನಕ ಕೇಳಿ, ಹಿಂದಕ್ಕೆ ಸುತ್ತದೆ, ಕೆಂಪು ತುದಿ ಹೊರಗಿರುವಂತೆಯೇ ಡಬ್ಬಿಗೆ ಹಾಕಬೇಕು. ಸುತ್ತಿಟ್ಟ ಟೇಪಿನಲ್ಲಿ ಒಂದು ಪದರದ ದನಿ ಪಕ್ಕದ ಪದರಕ್ಕೆ ಚೂರು ಹತ್ತಿಕೊಳ್ಳುತ್ತದಂತೆ. ಕೆಂಪು ಹೊರಗಿದ್ದರೆ ಆ ಪಿಸುದನಿ ಹಾಡಿನ ಬೆನ್ನಿಗೆ ಅಡಗುತ್ತದೆ, ಬಿಳಿ ಹೊರಗಿದ್ದರೆ ಹಾಡಿಗಿಂತ ಮೊದಲೇ ಕೇಳಿಸಿ ಮರ್ಯಾದೆ ಕಳೆಯುತ್ತದೆ. ಆದ್ದರಿಂದ ಕೆಂಪು ತುದಿ ಕಂಡರೆ ಬ್ಲೇಡು ಮುಟ್ಟಕೂಡದು. ಬಿಳಿ ತುದಿ ಕಂಡರೆ ಅದು ಅಭ್ಯಾಸದ್ದು, ಕತ್ತರಿಸಿ ಬಿಸಾಡಬಹುದು. ಡಬ್ಬಿಯ ಮೇಲಿನ ಬರಹ ತಪ್ಪಾಗಬಹುದು, ತುದಿ ತಪ್ಪಾಗುವುದಿಲ್ಲ ಎಂದು ಅವನು ಹೇಳುತ್ತಿದ್ದ. ಇಪ್ಪತ್ತು ವರ್ಷ ಹಾಗೇ ನಡೆದಿತ್ತು ಕೂಡ.

ಅಮ್ಮ ಅದೇ ಸ್ಟುಡಿಯೋದಲ್ಲಿ ಕೋರಸ್ ಹಾಡುತ್ತಿದ್ದಳು. ಮೂವರು ಹೆಂಗಸರಲ್ಲಿ ಎಡಗಡೆಯವಳು. ದನಿ ಎಲ್ಲರನ್ನೂ ಸೀಳಿಕೊಂಡು ಬರುತ್ತದೆಂದು ಅವಳೊಬ್ಬಳನ್ನು ಮೈಕಿನಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿಸುತ್ತಿದ್ದರು. ಉಸಿರು ತೆಗೆದುಕೊಳ್ಳುವ ಮುನ್ನ ಅವಳ ನಾಲಿಗೆ ಟಕ್ ಎಂದು ಒಂದು ಸಣ್ಣ ಸದ್ದು ಮಾಡುತ್ತಿತ್ತು. ಆ ಟಕ್ಕನ್ನು ಕತ್ತರಿಸುವುದು ಅಪ್ಪನ ಪಾಲಿಗೆ ಬಂತು. ವರ್ಷಗಟ್ಟಲೆ ಕತ್ತರಿಸಿ ಸಾಕಾಗಿ ಕೊನೆಗೆ ಮದುವೆಯಾದರು ಎಂದು ಅವಳು ನೆಂಟರಿಗೆಲ್ಲ ಹೇಳುತ್ತಿದ್ದಳಂತೆ. ನಾನು ಕೇಳಿಸಿಕೊಂಡವಳಲ್ಲ. ನನಗೆ ಮೂರು ತುಂಬುವಷ್ಟರಲ್ಲಿ ಅವಳ ದನಿ ಒಡೆಯತೊಡಗಿತ್ತು. ಗಂಟಲಿನ ವೈದ್ಯರು ಗಡ್ಡೆ ಎಂದರು, ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ಬೇರೆ ದಾರಿಯಿಲ್ಲ ಎಂದರು.

ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ, ಎಲ್ಲರೂ ಊಟಕ್ಕೆ ಹೋಗಿದ್ದಾಗ ಅಪ್ಪ ನಮ್ಮಿಬ್ಬರನ್ನೂ ಸ್ಟುಡಿಯೋಕ್ಕೆ ಕರೆದುಕೊಂಡು ಹೋದ. ಅಮ್ಮನನ್ನು ಮೊದಲ ಸಲ ಮೈಕಿನ ಎದುರಿಗೇ ನಿಲ್ಲಿಸಿದ. ಹನ್ನೊಂದು ನಿಮಿಷದ ಟೇಪು ಅದು. ಮೊದಲು ಅವಳು ಒಂದರಿಂದ ಇಪ್ಪತ್ತರವರೆಗೆ ಎಣಿಸುತ್ತಾಳೆ, ನನಗೆ ಲೆಕ್ಕ ಕಲಿಸಲು. ನಡುವೆ ನನ್ನ ಜೊತೆ ಮಾತು, ತಾನೇ ಕಟ್ಟಿದ ಒಂದು ಜೋಗುಳ. ಕೊನೆಯಲ್ಲಿ ಒಂಟಿಕಾಲಿನ ಕಾಗೆಯ ಕಥೆ. ನಾನು ದೊಡ್ಡವಳಾಗಿ ಅಮ್ಮ ಎಂದರೆ ಯಾವ ದನಿ ಎಂದು ಕೇಳಿದರೆ ಕೊಡಲು ನಮ್ಮಲ್ಲಿದ್ದದ್ದು ಇಷ್ಟೇ.

ಅದಕ್ಕೊಂದು ನಕಲು ಯಾಕೆ ಮಾಡಿಡಲಿಲ್ಲ ಎಂದು ನಾನು ಅಪ್ಪನ ಮೇಲೆ ಎಷ್ಟು ಹಾರಾಡಿದ್ದೇನೋ ಲೆಕ್ಕವಿಲ್ಲ. ನಕಲು ಮಾಡಿದರೆ ದನಿಯ ಮೇಲೆ ತೆಳುವಾದ ಬಟ್ಟೆ ಹೊದಿಸಿದಂತಾಗುತ್ತದೆ, ಹೊಸ ಮಷೀನು ಬರಲಿ, ಆಗ ಒಂದೇ ಸಲ ಚೆನ್ನಾಗಿ ಮಾಡೋಣ ಎಂದು ಕಾಯುತ್ತಿದ್ದನಂತೆ. ಸ್ವಂತದ್ದನ್ನು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಬಾರದೆಂಬ ನಿಯಮವಿತ್ತು, ಹಾಗಾಗಿ ಡಬ್ಬಿಯ ಮೇಲೆ ಏನೂ ಬರೆಯಲಿಲ್ಲ. ತನ್ನ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟ. ಅದರ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಬರಹವಿಲ್ಲದ ಡಬ್ಬಿ. ಮದುವೆಗೆ ಮೊದಲು ಅಮ್ಮ ಒಬ್ಬಳೇ ಅಭ್ಯಾಸಕ್ಕೆ ಗುನುಗಿದ, ನಡುನಡುವೆ ಯಾರ ಜೊತೆಗೋ ಹರಟಿದ ಟೇಪು. ಒಂದರ ಹೊರಗೆ ಕೆಂಪು, ಇನ್ನೊಂದರ ಹೊರಗೆ ಬಿಳಿ. ಅಪ್ಪನಿಗೆ ಅಷ್ಟು ಗುರುತು ಸಾಕಾಗಿತ್ತು.

ಅಮ್ಮ ಮನೆಗೆ ಬಂದಳು, ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ಒಂದು ಚಪ್ಪಾಳೆ ತಟ್ಟಿದರೆ ಹೂಂ, ಎರಡು ತಟ್ಟಿದರೆ ಉಹೂಂ. ಉಳಿದದ್ದೆಲ್ಲ ಸ್ಲೇಟಿನ ಮೇಲೆ. ನನಗೆ ಓದಲು ಬರುತ್ತಿರಲಿಲ್ಲ. ಎರಡು ವಾರಕ್ಕೊಂದು ಭಾನುವಾರ ಅಪ್ಪ ನಮ್ಮನ್ನು ಖಾಲಿ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗುತ್ತಿದ್ದ, ಕಾವಲುಗಾರ ಬೇರೆ ಕಡೆ ನೋಡುತ್ತಿದ್ದ. ನನ್ನನ್ನು ಸ್ಪೀಕರಿನ ಎದುರು ಎತ್ತರದ ಸ್ಟೂಲಿನ ಮೇಲೆ ಕೂರಿಸಿ ಟೇಪು ಹಾಕುತ್ತಿದ್ದ. ಅಮ್ಮ ನನ್ನ ಬೆನ್ನ ಹಿಂದೆ ನಿಂತು ಭುಜ ಹಿಡಿದುಕೊಳ್ಳುತ್ತಿದ್ದಳು. ನಮ್ಮಮ್ಮ ಮನೆಯಲ್ಲಿ ಮಾತಾಡಲ್ಲ, ಆಫೀಸಲ್ಲಿ ಮಾತ್ರ ಮಾತಾಡ್ತಾಳೆ ಎಂದು ನಾನು ಓಣಿಯ ಮಕ್ಕಳಿಗೆ ಹೇಳುತ್ತಿದ್ದೆನಂತೆ.

ಹೀಗಿರುವಾಗ ಆ ನಾಲ್ವರು ಬಂದರು. ಗಿಟಾರು ಇಬ್ಬರು, ಡ್ರಮ್ಮು ಒಬ್ಬ, ಆರ್ಗನ್ನು ಒಬ್ಬ. ಮುಂದಾಳು ಗುಂಡು ಕನ್ನಡಕದವನು, ನಾವು ಕನ್ನಡಕ ಎಂದೇ ಕರೆಯೋಣ. ಕೇಳುವವರಿಗೆ ಕಣ್ಣು ಮುಚ್ಚಿದರೂ ಬಣ್ಣ ಕಾಣಬೇಕು, ಕೂತ ಕುರ್ಚಿ ತೇಲಬೇಕು, ಅಂಥ ರಾಕ್ ತಮ್ಮದು, ಅದಕ್ಕೆ ಸೈಕೆಡೆಲಿಕ್ ಅನ್ನುತ್ತಾರೆ ಎಂದು ಅವನು ವಿವರಿಸಿದ. ಕಾವಲುಗಾರ ಗೇಟಿನ ಪುಸ್ತಕದಲ್ಲಿ ಸೈಕಲ್ ಪಾರ್ಟಿ ಎಂದು ಬರೆದುಕೊಂಡ. ಅವರ ಹಾಡು ಎಂಟು ನಿಮಿಷದ್ದು. ಒಬ್ಬ ಬಾವಿಯ ತಳದಲ್ಲಿ ಅಂಗಾತ ಮಲಗಿ ಮೇಲಿನ ಒಂದು ಬಿಲ್ಲೆಯಷ್ಟು ಆಕಾಶ ನೋಡುತ್ತಿದ್ದಾನೆ, ಅಷ್ಟೇ ಸಂಗತಿ. ಎರಡು ಸ್ಟುಡಿಯೋದವರು ಅವರನ್ನು ಬಾಗಿಲಿಂದಲೇ ಕಳಿಸಿದ್ದರು. ಗಿಟಾರು ನೀರಿನೊಳಗಿಂದ ಕೇಳಿಸಬೇಕು ಎಂದು ಕನ್ನಡಕ ಹೇಳಿದಾಗ ಅಪ್ಪ ಕೇಳಿದ ಒಂದೇ ಪ್ರಶ್ನೆ, ಬಾವಿಯ ನೀರೋ ಬಕೆಟ್ಟಿನ ನೀರೋ ಎಂದು. ಅವರ ಸ್ನೇಹ ಅಲ್ಲಿಂದ ಶುರು.

ಇಪ್ಪತ್ತು ವರ್ಷ ಬೇರೆಯವರ ಕೆಮ್ಮು ತೆಗೆದ ಮನುಷ್ಯನಿಗೆ ಮೊದಲ ಸಲ ಏನನ್ನಾದರೂ ಸೇರಿಸು ಎಂದು ಹೇಳಿದವರು ಅವರು. ಅಪ್ಪ ಹಗ್ಗ ಬಿಚ್ಚಿದ ಕರುವಿನಂತಾದ. ಮೈಕಿಗೆ ಬಲೂನು ತೊಡಿಸಿ ಬಕೆಟ್ಟಿನಲ್ಲಿ ಮುಳುಗಿಸಿದ. ಆರ್ಗನ್ನಿನ ಸ್ಪೀಕರಿನ ಮುಂದೆ ಟೇಬಲ್ ಫ್ಯಾನ್ ಇಟ್ಟು ಸದ್ದನ್ನು ಚೂರುಚೂರು ಮಾಡಿದ. ಡ್ರಮ್ಮಿನವನನ್ನು ಮೆಟ್ಟಿಲ ಕೆಳಗೆ ಕೂರಿಸಿ ಮೈಕನ್ನು ಮೂರನೇ ಮಹಡಿಯಲ್ಲಿ ನೇತುಹಾಕಿದ. ಒಂದೇ ಹಾಡನ್ನು ಎರಡು ಮಷೀನಿನಲ್ಲಿ ಒಟ್ಟಿಗೆ ಓಡಿಸಿ, ಒಂದರ ಚಕ್ರದ ಅಂಚನ್ನು ಹೆಬ್ಬೆರಳಿನಿಂದ ಹಗುರಾಗಿ ಒತ್ತಿದರೆ, ಆ ಎರಡು ಸದ್ದುಗಳ ನಡುವೆ ಗಾಳಿ ಸುಳಿಸುಳಿಯಾಗಿ ಹಾದುಹೋಗುತ್ತದೆ. ಅದನ್ನು ಕಂಡುಕೊಂಡ ದಿನ ಮನೆಗೆ ಬಂದವನು ಚಪ್ಪಲಿ ಬಿಡದೆ ಅಡುಗೆಮನೆಗೇ ನುಗ್ಗಿದ. ಟೇಪಿನ ಎರಡೂ ತುದಿ ಕೂಡಿಸಿ ಬಳೆ ಮಾಡಿದರೆ ಒಂದೇ ಸದ್ದು ಮತ್ತೆ ಮತ್ತೆ ಬರುತ್ತದೆ. ಬಳೆ ಉದ್ದವಾದರೆ ಅದನ್ನು ಬಿಗಿಹಿಡಿಯಲು ಕೋಣೆಯ ಆ ತುದಿಯಲ್ಲಿ ಯಾರಾದರೂ ಪೆನ್ಸಿಲ್ ಹಿಡಿದು ನಿಲ್ಲಬೇಕು. ಕೊನೆಗೆ ಮ್ಯಾನೇಜರೇ ಬೈಯಲು ಬಂದವರು ಪೆನ್ಸಿಲ್ ಹಿಡಿದು ಹತ್ತು ನಿಮಿಷ ನಿಂತಿದ್ದರಂತೆ.

ಇದನ್ನೆಲ್ಲ ಅವನು ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳುತ್ತಿದ್ದ. ಕೈ ಕಾಲು ಆಡಿಸಿ, ಸದ್ದುಗಳನ್ನು ಬಾಯಲ್ಲಿ ಮಾಡಿ ತೋರಿಸಿ, ಗಂಟೆಗಟ್ಟಲೆ. ಅಮ್ಮ ಸ್ಲೇಟು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ಬಳಪ ಎತ್ತುವಷ್ಟರಲ್ಲಿ ಅವನು ಮುಂದಿನ ಮಾತಿಗೆ ಹೋಗಿರುತ್ತಿದ್ದ. ದನಿ ಕಳೆದುಕೊಂಡು ಒಂದು ವರ್ಷ ತುಂಬದ ಹಾಡುಗಾರ್ತಿಯ ಎದುರು ಕೂತು ಗಂಡ ದಿನವೂ ದನಿಯ ಮಾತನ್ನೇ ಆಡುತ್ತಾನೆ. ಅದು ಅವನಿಗೆ ಹೊಳೆಯಲಿಲ್ಲ. ಅವನು ಕೆಟ್ಟವನಲ್ಲ, ಆದರೆ ಖುಷಿಯಲ್ಲಿರುವ ಗಂಡಸಿನಷ್ಟು ಕಿವುಡು ಬೇರೆ ಯಾರೂ ಇರಲಾರರು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಆ ದಿನಗಳ ಒಂದು ಭಾನುವಾರ ನಾವು ಟೇಪು ಕೇಳಲು ಹೋಗಿದ್ದೆವು. ಕಾಗೆಯ ಕಥೆ ಮುಗಿದು ಕೆಂಪು ತುದಿ ಹೊರಬಂತು. ನಾನು ಇನ್ನೊಂದು ಸಲ ಎಂದು ಹಟ ಹಿಡಿದೆ. ಅಪ್ಪ ನಕ್ಕು ಟೇಪನ್ನು ಹಿಂದಕ್ಕೆ ಸುತ್ತಿದ. ಬಿಳಿ ತುದಿ ಹೊರಬಂದ ಹೊತ್ತಿಗೆ ಸರಿಯಾಗಿ ನಾನು ಸ್ಟೂಲಿನಿಂದ ಮುಖ ಅಡಿಯಾಗಿ ಬಿದ್ದೆ. ಗಲ್ಲ ಒಡೆದು ರಕ್ತ ಸುರಿಯಿತು. ಅಮ್ಮನ ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಅಪ್ಪ ಟೇಪನ್ನು ಇದ್ದ ಹಾಗೇ ಡಬ್ಬಿಗೆ ತುರುಕಿ ನನ್ನನ್ನು ಎತ್ತಿಕೊಂಡು ಓಡಿದ. ಮೂರು ಹೊಲಿಗೆ. ಕಲೆ ಈಗಲೂ ಇದೆ. ಕಪಾಟಿನ ಕೆಳಗಿನ ಅರೆಯಲ್ಲಿ ಆವತ್ತಿನಿಂದ ಎರಡು ಬಿಳಿ ತುದಿಗಳಿದ್ದವು, ಅದು ಯಾರಿಗೂ ನೆನಪಿರಲಿಲ್ಲ.

ಹತ್ತು ದಿನದ ಮೇಲೆ ಹಾಡು ಮುಗಿಯುತ್ತಾ ಬಂದಿತ್ತು. ಬಾವಿಯ ತಳದಲ್ಲಿರುವವನಿಗೆ ಮೇಲಿನಿಂದ ಯಾರೋ ಕರೆದಂತಾಗಬೇಕು, ಒಂದು ಹೆಂಗಸಿನ ದನಿ ಬೇಕು ಎಂದ ಕನ್ನಡಕ. ಕೋರಸ್ಸಿನವರನ್ನು ಕರೆಸೋಣವೇ ಎಂದು ಅಪ್ಪ ಕೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿದನಂತೆ.

"ಹಾಡಬಾರದು ಡಾಕ್ಟ್ರೇ. ಯಾರೋ ಇದ್ದಾರೆ ಅನ್ನಿಸ್ಬೇಕು, ಯಾರು ಅಂತ ಗೊತ್ತಾಗಬಾರದು."

ಅಪ್ಪ ಕಪಾಟು ತೆಗೆದ. ಅಮ್ಮನ ಹಳೆಯ ಗುನುಗು ನೆನಪಾಗಿತ್ತು. ಮುಂದಿದ್ದ ಡಬ್ಬಿ ತೆರೆದ, ಬಿಳಿ ತುದಿ ಕಂಡಿತು, ಇನ್ನೊಂದನ್ನು ತೆರೆಯಲೇ ಇಲ್ಲ. ಟೇಪನ್ನು ವೇಗವಾಗಿ ಕೊನೆತನಕ ಓಡಿಸಿ, ತುಂಬಿದ ಸುರುಳಿಯನ್ನು ಹಾಗೇ ಎತ್ತಿ ಎಡಗಡೆ ಕೂರಿಸಿ, ಹಿಂದುಮುಂದಾಗಿ ನುಡಿಸಿದ. ಹಿಂದುಮುಂದಾದರೆ ಮಾತು, ಹಾಡು, ಎಣಿಕೆ ಎಲ್ಲವೂ ಒಂದೇ ಥರ, ಯಾರೋ ದನಿಯನ್ನು ಒಳಗೆ ಎಳೆದುಕೊಂಡಂತೆ ಕೇಳುತ್ತದೆ. ನಾಲ್ವರೂ ಮಷೀನಿನ ಹತ್ತಿರ ಸರಿದರು. ಇದೇ ಬೇಕು ಎಂದ ಕನ್ನಡಕ. ಅಪ್ಪನಿಗೆ ಅದು ಹೆಂಡತಿಯ ದನಿ ಎಂದು ಗೊತ್ತಿತ್ತು, ಯಾವ ದಿನದ ದನಿ ಎಂದು ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲವೋ, ಗೊತ್ತುಮಾಡಿಕೊಳ್ಳಲು ಪುರುಸೊತ್ತಿರಲಿಲ್ಲವೋ? ನಾನು ಎಷ್ಟೋ ಸಲ ಕೇಳಿದ್ದೇನೆ. ಅವನು ಪ್ರತಿ ಸಲವೂ, ಅದೇ ನನಗೂ ತಿಳಿಯೋದಿಲ್ಲ ಮಗಳೇ, ಎಂದಿದ್ದಾನೆ.

ನಡುವಿನ ಮೂರು ನಿಮಿಷದಷ್ಟು ಟೇಪು ಬ್ಲೇಡಿಗೆ ಸಿಕ್ಕಿತು. ಗೇಣುದ್ದ, ಮೊಳದುದ್ದ, ನೂರಕ್ಕೂ ಹೆಚ್ಚು ತುಂಡು. ಕೆಲವನ್ನು ನೆಟ್ಟಗೆ, ಕೆಲವನ್ನು ತಿರುಗಿಸಿ ಅಂಟಿಸಿ ಬಳೆ ಮಾಡಿದ, ಬೇಡವಾದವನ್ನು ನೆಲಕ್ಕೆ ಬಿಟ್ಟ. ಮೂರು ದಿನದ ಕೆಲಸ. ಮುಗಿದಾಗ ಕನ್ನಡಕ ಅಪ್ಪನ ಎರಡೂ ಕೈ ಹಿಡಿದುಕೊಂಡು ನಿಂತಿದ್ದನಂತೆ. ಅವರು ಹೋದ ಮೇಲೆ ಅಪ್ಪ ಕಪಾಟು ಜೋಡಿಸಲು ಕೂತ. ಅಮ್ಮನ ಹನ್ನೊಂದು ನಿಮಿಷವನ್ನು ಒಂದು ಸಲ ಮುಟ್ಟಿ ನೋಡಬೇಕೆನ್ನಿಸಿ ಎರಡನೇ ಡಬ್ಬಿ ತೆರೆದ. ಅದರಲ್ಲೂ ಬಿಳಿ ತುದಿ. ಮಷೀನಿಗೆ ಹಾಕಿದರೆ ಮದುವೆಗೆ ಮುಂಚಿನ ಹುಡುಗಿಯೊಬ್ಬಳು ಗುನುಗುತ್ತಾ ನಕ್ಕಳು.

ಅವನ ಕಾಲಿನ ಕೆಳಗಿನ ನೆಲವನ್ನು ಆವತ್ತು ಬೆಳಗ್ಗೆಯೇ ಗುಡಿಸಿ ಆಗಿತ್ತು. ಕಸದ ಡಬ್ಬಿಗಳನ್ನು ಹಿತ್ತಲಲ್ಲಿ ಬೋರಲು ಹಾಕಿ, ಬಿಳಿ ಕೋಟಿನಲ್ಲೇ ಮಂಡಿಯೂರಿ ಹುಡುಕಿದನಂತೆ. ಗುಡಿಸುವವಳು, ಏನು ಕಳೆದಿದೆ ಡಾಕ್ಟ್ರೇ ಎಂದು ಕೇಳಿದರೂ ತಲೆಯೆತ್ತದೆ ಕೆದಕುತ್ತಿದ್ದನಂತೆ. ಸಿಕ್ಕಷ್ಟನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿದ. ಬಳೆಗಳನ್ನೆಲ್ಲ ಬಿಚ್ಚಿ ಅದಕ್ಕೇ ಹಾಕಿದ.

ಆಮೇಲೆ ಮಾಡಿದ್ದು ಅವನ ಬಾಳಿನ ದೊಡ್ಡ ತಪ್ಪು. ಕತ್ತರಿಸಿದ್ದು ಕೈತಪ್ಪು ಎಂದು ಬಿಟ್ಟುಬಿಡಬಹುದು, ಇದನ್ನು ಬಿಡಲಾರೆ. ಅವನು ಸುಮ್ಮನಾದ. ಭಾನುವಾರ ಬಂದರೆ ಮಷೀನು ರಿಪೇರಿ ಎಂದ. ಮುಂದಿನ ಸಲ ಬೀಗದ ಕೈ ಸಿಗಲಿಲ್ಲ ಎಂದ. ಆಮೇಲೆ ಮತ್ತೆ ಮಷೀನು. ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬನೇ ಕೂತು ತುಂಡುಗಳನ್ನು ಜೋಡಿಸಲು ನೋಡುತ್ತಿದ್ದ. ಗೇಣುದ್ದದ ಟೇಪಿನಲ್ಲಿ ಒಂದು "ಉಂ" ಇರುತ್ತದೆ, ಇಲ್ಲವೇ ಅರ್ಧ "ಡಿ" ಇರುತ್ತದೆ. ಯಾವುದರ ಹಿಂದೆ ಯಾವುದು ಎಂದು ಶ್ರುತಿಜ್ಞಾನವಿಲ್ಲದವನು ಹೇಗೆ ಹೇಳಬೇಕು? ಮೂರು ತಿಂಗಳು ಹೀಗೆ ಕಳೆಯಿತು. ಅಮ್ಮ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದಳು, ಮಗು ಮರೀತಾಳೆ ಕಣ್ರೀ, ಎಂದು. ಅಪ್ಪ ಅದನ್ನು ಓದಿ ತಾನೇ ಒರೆಸಿಡುತ್ತಿದ್ದ. ಅವನು ಊಟ ಬಿಟ್ಟು ಸೊರಗಿದ, ಅವಳು ಅವನಿಗೇನೋ ಕಾಯಿಲೆ ಎಂದು ಹೆದರಿದಳು.

ನಮ್ಮ ಬೀದಿಯ ತಿರುವಿನಲ್ಲಿ ರೇಡಿಯೋ ರಿಪೇರಿಯವನ ಅಂಗಡಿ. ಒಂದು ಬೆಳಗ್ಗೆ ಅಮ್ಮ ನನ್ನ ಕೈ ಹಿಡಿದುಕೊಂಡು ಆ ದಾರಿಯಲ್ಲಿ ಹೋಗುತ್ತಿದ್ದಳು. ಅವನು ಹೊಸ ರೆಕಾರ್ಡು ತಂದು ದೊಡ್ಡ ಸ್ಪೀಕರಿನಲ್ಲಿ ಹಾಕಿದ್ದ. ನೀರೊಳಗಿನ ಗಿಟಾರು, ಮೆಟ್ಟಿಲ ಕೆಳಗಿನ ಡ್ರಮ್ಮು. ಅಮ್ಮ ಗಂಡನ ಕೈಕೆಲಸವನ್ನು ಗುರುತಿಸಿ ನಗುಮುಖದಿಂದ ನಿಂತಳು. ಆಮೇಲೆ ಆ ದನಿ ಬಂತು. ಮೊದಲು ಗುರುತಿಸಿದವಳು ನಾನು. ನಾಲ್ಕು ವರ್ಷದವಳಿಗೆ ಹಿಂದುಮುಂದು ಯಾವುದಾದರೇನು, ಸ್ಪೀಕರಿನಿಂದ ಬರುವ ಆ ದನಿ ಒಂದೇ ಅಲ್ಲವೇ ನನಗೆ ಗೊತ್ತಿದ್ದದ್ದು.

"ನಮ್ಮಮ್ಮ ಮಾತಾಡ್ತಿದಾಳೆ" ಎಂದು ನಾನು ಅಂಗಡಿಯವನಿಗೆ ಹೇಳಿದೆ.

ಅವನು ನಕ್ಕ. ಅಮ್ಮ ನಗಲಿಲ್ಲ. ಅವಳಿಗೆ ಟಕ್ ಕೇಳಿಸಿತ್ತು, ಉಸಿರಿಗೆ ಮೊದಲು ಬರಬೇಕಾದದ್ದು ಉಸಿರಿನ ನಂತರ. ಹಾಡು ಮುಗಿಯುವವರೆಗೆ ಅಲ್ಲಾಡದೆ ನಿಂತಿದ್ದಳು. ನನ್ನ ಕೈ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು, ನಾನು ಅತ್ತರೂ ಬಿಡಲಿಲ್ಲ.

ಸಂಜೆ ಅಪ್ಪ ಬಂದಾಗ ಸ್ಲೇಟು ಬಾಗಿಲ ಎದುರಿನ ಕುರ್ಚಿಯ ಮೇಲೆ ಒರಗಿಸಿಟ್ಟಿತ್ತು. ಒಬ್ಬ ಡಾಕ್ಟರು ಗಂಟಲು ಕೊಯ್ದರು, ಇನ್ನೊಬ್ಬ ಡಾಕ್ಟರು ದನಿ ಕೊಯ್ದರು, ಎಂದು ಬರೆದಿತ್ತು. ಅಪ್ಪ ಬಾಗಿಲಲ್ಲೇ ಕೂತ. ಎಲ್ಲವನ್ನೂ ಹೇಳಿದ, ಬಿಳಿ ತುದಿ, ನನ್ನ ಗಲ್ಲ, ಹಿತ್ತಲಿನ ಕಸ, ಮೂರು ತಿಂಗಳ ಸುಳ್ಳು. ಅದು ಅಭ್ಯಾಸದ ಟೇಪು ಅಂದುಕೊಂಡೆ ಎಂದು ಅಳುತ್ತಾ ಹೇಳಿದ. ಅಮ್ಮ ಸ್ಲೇಟು ಒರೆಸಿ ಬರೆದಳು: "ಅದೂ ನನ್ನದೇ. ನನ್ನನ್ನು ಕೇಳಬೇಕಿತ್ತು." ಅವನು ಓದಿದ್ದನ್ನು ನೋಡಿ ಮತ್ತೆ ಒರೆಸಿ ಬರೆದಳು: "ಉಳಿದದ್ದು ಎಲ್ಲಿ?"

ಆ ಸ್ಲೇಟಿನ ಸಾಲುಗಳನ್ನು ನಾನು ದೊಡ್ಡವಳಾದ ಮೇಲೆ ಅಪ್ಪನ ಬಾಯಿಂದಲೇ ಕೇಳಿದ್ದು. ಆದರೆ ಮುಂದಿನ ಭಾನುವಾರಗಳು ನನಗೆ ಸ್ವಲ್ಪಸ್ವಲ್ಪ ನೆನಪಿವೆ. ಅಪ್ಪ ಒಂದೊಂದೇ ತುಂಡನ್ನು ಮಷೀನಿನ ತಲೆಗೆ ಒತ್ತಿ ಕೈಯಿಂದ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದ. ಉಂ, ಮುಂ, ಡಿ. ಅಮ್ಮ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು. ಹಾಡಿದವಳಿಗೆ ತನ್ನ ಉಸಿರು ಎಲ್ಲಿ ತುಂಬಿತ್ತು, ಎಲ್ಲಿ ತೀರಿತ್ತು ಗೊತ್ತಿರುತ್ತದೆ. ಒಂದೇ ಥರದ ಎರಡು "ಉಂ" ಬಂದರೂ ಇದು ಮೊದಲಿನದು, ಅದು ಆಮೇಲಿನದು ಎಂದು ಬೇರೆ ಮಾಡಿ, ಪ್ರತಿ ತುಂಡಿನ ಬೆನ್ನಿಗೆ ಪೆನ್ಸಿಲಿನಿಂದ ಅಂಕಿ ಹಾಕುತ್ತಿದ್ದಳು. ಅವನು ಕೂಡಿಸುತ್ತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಏಳು ಭಾನುವಾರ ಹಿಡಿಯಿತು.

ಒಂಬತ್ತು ಕಡೆ ಟೇಪು ಸಿಗಲೇ ಇಲ್ಲ. ಅಪ್ಪ ಆ ತುದಿಗಳನ್ನು ಕೂಡಿಸಿಬಿಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದ. ಅಷ್ಟು ಮಾತ್ರ ಅವನ ವಿದ್ಯೆ ತಾನೆ. ಅಮ್ಮ ಎರಡು ಚಪ್ಪಾಳೆ ತಟ್ಟಿದಳು. ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿ, ಕಳೆದುಹೋದ ಜಾಗದಲ್ಲಿ ಎಷ್ಟು ಪೆಟ್ಟು ಇತ್ತೋ ಅಷ್ಟು ಎಣಿಸಿ ತೋರಿಸಿದಳು. ಅಷ್ಟು ಉದ್ದದ ಬಿಳಿ ಪಟ್ಟಿಯನ್ನು ಅವನು ಅಲ್ಲಿ ಸೇರಿಸಬೇಕಾಯಿತು. ಹಾಗಾಗಿ ನಮ್ಮ ಟೇಪಿನಲ್ಲಿ ಅಮ್ಮ ಮಾತಾಡುತ್ತಾಳೆ, ಇದ್ದಕ್ಕಿದ್ದಂತೆ ಇರುವುದಿಲ್ಲ, ಮತ್ತೆ ಇರುತ್ತಾಳೆ. ಎಲ್ಲಕ್ಕಿಂತ ದೊಡ್ಡ ಖಾಲಿ ಜಾಗ ಜೋಗುಳದಲ್ಲಿದೆ. ಯಾರದೋ ಬೂಟಿಗೆ ಸಿಕ್ಕಿ ಮುದುಡಿತೆಂದು ಅಪ್ಪ ತಾನೇ ಬಿಸಾಡಿದ್ದ ತುಂಡು ಅದು.

ಬಾಗಿಲ ಮುಚ್ಚಿದೆ, ಬೆಳಕ ಮಡಿಸಿದೆ,
ನಿನ್ನ ನೆತ್ತಿಯ ಮೇಲೆ ನನ್ನ ಕೈಯಿದೆ.

ಈ "ನಿನ್ನ ನೆತ್ತಿಯ ಮೇಲೆ" ಇಲ್ಲ. ಎಂಟು ಪೆಟ್ಟು ಖಾಲಿ. ನನಗೆ ಅದು ಬಾಯಿಪಾಠವಿತ್ತು, ಜೋಡಿಸಿದ ಟೇಪನ್ನು ಮೊದಲ ಸಲ ಹಾಕಿದ ದಿನ ಖಾಲಿ ಜಾಗ ಬಂದಾಗ ನಾನೇ ಹಾಡಿಬಿಟ್ಟೆ. ಅಮ್ಮ ನನ್ನನ್ನು ಅಪ್ಪಿಕೊಂಡಳು. ಅಪ್ಪ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಅಂದಿನಿಂದ ಒಂಬತ್ತೂ ಖಾಲಿ ಜಾಗ ನನ್ನ ಪಾಲಿನವು.

ಅಪ್ಪ ಮತ್ತೆ ಕೆಮ್ಮು ತೆಗೆಯುವ ಕೆಲಸಕ್ಕೆ ಮರಳಿದ. ಕನ್ನಡಕ ಎರಡು ಸಲ ಬಂದು ಕರೆದ, ಅಪ್ಪ ಬರುವುದಿಲ್ಲ ಎಂದ. ಬೇರೆಯವರ ಕೈಯಲ್ಲಿ ಅವರ ಮುಂದಿನ ಹಾಡುಗಳು ಸಪ್ಪೆಯಾದವು, ಗುಂಪು ಚದುರಿಹೋಯಿತು. ಆ ಒಂದು ಹಾಡು ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ನನ್ನ ಸಿಟ್ಟಿಗೆ ಅರ್ಧ ಕಾರಣ ಅದೇ. ಕೆಟ್ಟದಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು.

ಆಮೇಲಿನ ಮೂವತ್ತೈದು ವರ್ಷ ಅವನು ಅಮ್ಮನನ್ನು ಕೇಳದೆ ಏನೂ ಮಾಡಲಿಲ್ಲ. ಫ್ಯಾನು ಹಾಕ್ಲಾ? ಈ ಹಳೇ ಪೇಪರು ಕೊಟ್ಟುಬಿಡ್ಲಾ? ಕಿಟಕಿ ಮುಚ್ಲಾ? ಒಂದು ಚಪ್ಪಾಳೆ, ಎರಡು ಚಪ್ಪಾಳೆ. ಮನೆಗೆ ಬಂದವರು ನಗುತ್ತಿದ್ದರು, ಹೆಂಡತಿಗೆ ಇಷ್ಟು ಹೆದರುವ ಗಂಡಸನ್ನು ಕಂಡಿಲ್ಲ ಎಂದು. ಕೆಲವೊಮ್ಮೆ ಅಮ್ಮನಿಗೇ ರೇಗಿ, ಅವನು ಉಪ್ಪು ಹಾಕಿಕೊಳ್ಳಲಾ ಎಂದು ಕೇಳಿದರೆ ಒಂದೇ ಸಮನೆ ಹತ್ತು ಚಪ್ಪಾಳೆ ತಟ್ಟುತ್ತಿದ್ದಳು. ಅವರು ಜಗಳವಾಡಲಿಲ್ಲ. ಆ ವಿಷಯವನ್ನು ಮತ್ತೆಂದೂ ಎತ್ತಲೂ ಇಲ್ಲ. ಕ್ಷಮಿಸಿದ್ದೇನೆ ಎಂದು ಅಮ್ಮ ಬರೆಯಲಿಲ್ಲ, ಕ್ಷಮಿಸು ಎಂಬ ಒಂದನ್ನು ಮಾತ್ರ ಅವನೂ ಕೇಳಲಿಲ್ಲ. ನಾನು ಆ ಮನೆಯಲ್ಲಿ ಅದರ ನಡುವೆಯೇ ಬೆಳೆದೆ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳಾದೆ.

ಹೋದ ವರ್ಷ ರೆಕಾರ್ಡು ಕಂಪನಿಯವರೊಬ್ಬರು ಮನೆ ಹುಡುಕಿಕೊಂಡು ಬಂದರು. ಆ ಹಾಡನ್ನು ಹೊಸದಾಗಿ ಹೊರತರುತ್ತಾರಂತೆ, ಈಗಿನವರು ಅದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದಾರಂತೆ. ಎಲ್ಲರ ಹೆಸರೂ ಸಿಕ್ಕಿದೆ, ಆ ಹೆಂಗಸಿನ ದನಿ ಮಾತ್ರ ಯಾರದೆಂದು ಗೊತ್ತಿಲ್ಲ, ತಾವು ಹೇಳಿದರೆ ಹಾಕುತ್ತೇವೆ ಎಂದರು. ಅಪ್ಪ ಅಮ್ಮನ ಕಡೆ ತಿರುಗಿದ. ಎಪ್ಪತ್ತು ದಾಟಿದ ಮನುಷ್ಯ, ಈಗಲೂ ಕೇಳಿದ.

"ಹೇಳ್ಲಾ?"

ಎರಡು ಚಪ್ಪಾಳೆ. ಬಂದವರಿಗೆ ಅರ್ಥವಾಗಲಿಲ್ಲ. ಗೊತ್ತಿಲ್ಲ ಎಂದು ಹಾಕಿಕೊಳ್ಳಿ ಎಂದು ನಾನೇ ಹೇಳಿ ಕಳಿಸಿದೆ, ಒಳಗೊಳಗೆ ಉರಿಯುತ್ತಾ. ಹೆಸರಾದರೂ ಬರಲಿ ಎಂದು ನನಗಿತ್ತು. ಅಮ್ಮ ನನ್ನ ಮುಖ ನೋಡಿ ಸ್ಲೇಟು ಎಳೆದುಕೊಂಡಳು. "ಅದು ನಾನಲ್ಲ" ಎಂದು ಬರೆದು, ಮೂಲೆಯ ಹಳೆಯ ಮಷೀನಿನ ಕಡೆ ಬೆರಳು ತೋರಿಸಿದಳು. ಸ್ಟುಡಿಯೋದವರು ಅಪ್ಪ ಕೆಲಸ ಬಿಟ್ಟಾಗ ಬೇಡವೆಂದು ಕೊಟ್ಟ ಮಷೀನು. ಅಪ್ಪ ಟೇಪು ಹಾಕಿದ. ಹತ್ತೊಂಬತ್ತು, ಇಪ್ಪತ್ತು ಎಂದು ಎಣಿಕೆ ಮುಗಿಯಿತು. ನನ್ನನ್ನು ಬೈದದ್ದು, ಮುದ್ದು ಮಾಡಿದ್ದು ಮುಗಿಯಿತು. ಜೋಗುಳ ಬಂತು.

ಬಾಗಿಲ ಮುಚ್ಚಿದೆ, ಬೆಳಕ ಮಡಿಸಿದೆ.

ನಾನು ರೂಢಿಯಂತೆ ಬಾಯಿ ತೆರೆದೆ. ಅಮ್ಮ ನನ್ನ ತೋಳು ಹಿಡಿದು ತಡೆದಳು. ಇನ್ನೊಂದು ಕೈಯ ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕುತ್ತಾ ಅಪ್ಪನನ್ನೇ ನೋಡಿದಳು. ಎಂಟು ಪೆಟ್ಟೂ ಖಾಲಿ ಹೋದವು. ಅಪ್ಪ ಟೇಪು ನಿಲ್ಲಿಸಿದ.

"ನಾನಾ?"

ಒಂದು ಚಪ್ಪಾಳೆ.

ಅವನು ಟೇಪನ್ನು ಸ್ವಲ್ಪ ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟ. ಖಾಲಿ ಜಾಗ ಬಂದಾಗ ಹಾಡಿದ. ನಿನ್ನ ನೆತ್ತಿಯ ಮೇಲೆ. ಶ್ರುತಿ ಎಲ್ಲೋ, ದನಿ ಎಲ್ಲೋ, ಒಂದು ಪೆಟ್ಟು ಮೊದಲೇ ಮುಗಿಸಿಬಿಟ್ಟ. ಸ್ಪೀಕರಿನಲ್ಲಿ ಟಕ್ ಎಂದಿತು, ಮೂವತ್ತೈದು ವರ್ಷದ ಹಿಂದಿನ ಅಮ್ಮ ಉಸಿರು ತೆಗೆದುಕೊಂಡು, ನನ್ನ ಕೈಯಿದೆ, ಎಂದು ಮುಗಿಸಿದಳು. ಅಪ್ಪನ ಕಣ್ಣು ತುಂಬಿ ಹರಿಯುತ್ತಿತ್ತು. ಅವನು ಮಷೀನು ನಿಲ್ಲಿಸಿ ಅಮ್ಮನನ್ನು ನೋಡಿದ.

"ತಪ್ಪಾಯ್ತಾ?" ಎಂದು ಕೇಳಿದ.

ಅಮ್ಮ ಒಂದು ಚಪ್ಪಾಳೆ ತಟ್ಟಿದಳು. ಆಮೇಲೆ ಬೆರಳನ್ನು ಗಾಳಿಯಲ್ಲಿ ಹಿಂದಕ್ಕೆ ಸುತ್ತಿ ತೋರಿಸಿದಳು, ಇನ್ನೊಂದು ಸಲ ಎಂದು. ಅಪ್ಪ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು ಟೇಪನ್ನು ಹಿಂದಕ್ಕೆ ಸುತ್ತಿದ.